ಮೋಟಾರುಸೈಕಲ್ಲಿಗೆ ಮಾತು ತಿಳಿಯುತ್ತದೆಯೇ?

ವಾದ ಮಾಡಿ ಗೆಲ್ಲುವುದನ್ನು ಕಲಿತವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಎದುರಿಗಿದ್ದವರು ಸುಮ್ಮನಾದರೆ ಸಾಕು, ತಾನು ಗೆದ್ದೆನೆಂದು ತಿಳಿಯುವ ರೋಗ. ನನಗೆ ಇದು ಕಾಲೇಜಿನಲ್ಲಿ ಅಂಟಿತು. ಚರ್ಚಾಸ್ಪರ್ಧೆಯಲ್ಲಿ ಒಂದೇ ವಿಷಯದ ಪರವಾಗಿ ಒಂದು ವರ್ಷ, ವಿರೋಧವಾಗಿ ಮರುವರ್ಷ ಮಾತಾಡಿ ಎರಡು ಸಲವೂ ಬಹುಮಾನ ತಂದವನು ನಾನು. ಬಹುಮಾನವಾಗಿ ಬಂದ ಎರಡು ಕಪ್‌ಗಳಲ್ಲಿ ಒಂದರಲ್ಲಿ ಅವ್ವ ಮೆಂತ್ಯ ಹಾಕಿಟ್ಟಿದ್ದಾಳೆ, ಇನ್ನೊಂದರಲ್ಲಿ ಸಾಸಿವೆ. ನಮ್ಮ ಮನೆಯಲ್ಲಿ ವಾದಕ್ಕೆ ಇರುವ ಬೆಲೆ ಇಷ್ಟು. ಆದರೂ ನಾನು ಬಿಟ್ಟವನಲ್ಲ. ಜಹೀರಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ ಜೊತೆ, ಓಣಿಯಲ್ಲಿ ಜೋಯಿಸರ ಜೊತೆ, ಕೊಹೀರಿನ ಶಾಲೆಯಲ್ಲಿ ಹೆಡ್‌ಮಾಸ್ತರರ ಜೊತೆ ವಾದಿಸುತ್ತಲೇ ಬಂದೆ. ವಿಜ್ಞಾನದ ಮಾಸ್ತರ ನಾನು. ಕಾರಣವಿಲ್ಲದೆ ಕಾರ್ಯವಿಲ್ಲ ಎಂದು ಬೋರ್ಡಿನ ಮೇಲೆ ಬರೆಯುವವನು. ಇಂಥ ನನ್ನನ್ನು ಒಂದು ವಾರ ಪೂರ್ತಿ ಅಂಗಳದಲ್ಲಿ ನಿಲ್ಲಿಸಿ, ಓಣಿಯವರೆಲ್ಲ ನೋಡುವಂತೆ ಸೋಲಿಸಿದ್ದು ಬಾಯಿಲ್ಲದ, ಕಿವಿಯಿಲ್ಲದ, ಒಂದೇ ಸಿಲಿಂಡರಿನ ಒಂದು ಮೋಟಾರುಸೈಕಲ್ಲು.

ಅದನ್ನು ಮಾಡಿದ ಕಂಪನಿಯ ಹೆಸರು ಹೇಳುವುದಿಲ್ಲ. ತಪ್ಪು ಕಂಪನಿಯದಲ್ಲ. ನಾನು ಅದನ್ನು ಕೊಂಡದ್ದು ದನದ ದವಾಖಾನೆಯ ಕಂಪೌಂಡರ್ ಖಾದರ್ ಸಾಬರಿಂದ. ನಮ್ಮ ಊರಲ್ಲಿ ಬಹಳ ವರ್ಷವಿದ್ದ ಅವರಿಗೆ ನಾರಾಯಣಖೇಡಕ್ಕೆ ವರ್ಗವಾಯಿತು. ಮೊಣಕಾಲು ನೋವಿನಿಂದ ಗಾಡಿ ಓಡಿಸುವುದನ್ನು ಬಿಡಬೇಕಾಗಿ ಬಂದಿತ್ತು. ಕಪ್ಪು ಬಣ್ಣದ ದೊಡ್ಡ ಗಾಡಿ. ಟ್ಯಾಂಕಿನ ಎರಡೂ ಬದಿಗೆ ಮೊಣಕಾಲು ಉಜ್ಜಿ ಉಜ್ಜಿ ಬಣ್ಣ ಹೋಗಿ ತಗಡು ಬೆಳ್ಳಗೆ ಹೊಳೆಯುತ್ತಿತ್ತು. ಹೆದ್ದಾರಿಯಲ್ಲಿ ಕಬ್ಬಿನ ಹೊಲಗಳ ನಡುವೆ ಮುಂಜಾನೆಯ ತಂಪಿನಲ್ಲಿ ಅದು ಧಡ್ ಧಡ್ ಎಂದು ಹೊರಟರೆ ಆ ಸದ್ದು ಹೊಟ್ಟೆಯೊಳಗೇ ಕೇಳಿಸುತ್ತದೆ. ಕೊಹೀರ್ ಕ್ರಾಸಿನ ಹತ್ತಿರ ಪೇರಲ ತೋಟಗಳ ವಾಸನೆ ಬಸ್ಸಿನಲ್ಲಿ ಹೋದವನಿಗೆ ಸಿಗುವುದಿಲ್ಲ, ಬಸ್ಸಿನಲ್ಲಿ ಸಿಗುವುದು ಪಕ್ಕದವನ ಬೀಡಿಯ ವಾಸನೆ. ರವಿವಾರ ಬೆಳಿಗ್ಗೆ ಸರಪಳಿಗೆ ಎಣ್ಣೆ ಬಿಟ್ಟು, ಪ್ಲಗ್ಗನ್ನು ಉಸುಕು ಕಾಗದದಿಂದ ತಿಕ್ಕಿ, ಮಡ್‌ಗಾರ್ಡಿನೊಳಗೆ ಒಣಗಿ ಕುಳಿತ ಎರೆಮಣ್ಣನ್ನು ಕಟ್ಟಿಗೆಯಿಂದ ಕೆರೆದು ತೆಗೆಯುವ ಸುಖ ಏನೆಂದು ಗೊತ್ತಿಲ್ಲದವರಿಗೆ ನಾನು ಹೇಳಲಾರೆ. ಸಂಜೆ ಊರ ಹೊರಗಿನ ಏರಿನಲ್ಲಿ ನನ್ನ ಗಾಡಿಯ ಸದ್ದು ಕೇಳಿದ ಕೂಡಲೇ ಅವ್ವ ಚಹಾಕ್ಕೆ ನೀರಿಡುತ್ತಿದ್ದಳು. ಅಂಗಳಕ್ಕೆ ಬಂದು ಸ್ಟ್ಯಾಂಡ್ ಹಾಕುವ ಹೊತ್ತಿಗೆ ಚಹಾದ ಕಪ್ಪುಬಸಿ ಹೊಸ್ತಿಲ ಮೇಲಿರುತ್ತಿತ್ತು. ಇಷ್ಟು ಸುಖಕ್ಕೆ ಒಂದೇ ಅಡ್ಡಿ. ಗಾಡಿ ಸ್ಟಾರ್ಟ್ ಆಗಬೇಕಿತ್ತು.

ಮಾರುವ ದಿನ ಸಾಬರು ಸ್ಟಾರ್ಟ್ ಮಾಡುವ ವಿದ್ಯೆಯನ್ನು ನಾಲ್ಕು ಹಂತದಲ್ಲಿ ತೋರಿಸಿದ್ದರು. ಮೊದಲು ಪೆಟ್ರೋಲಿನ ಕಾಕ್ ತಿರುಗಿಸಿ, ಕಾರ್ಬುರೇಟರಿನ ಮೇಲಿನ ಸಣ್ಣ ಗುಂಡಿಯನ್ನು ಒಂದು ಹನಿ ತೊಟ್ಟಿಕ್ಕುವವರೆಗೆ ಒತ್ತಬೇಕು. ಆಮೇಲೆ ಹ್ಯಾಂಡಲಿನ ಕೆಳಗಿನ ಪುಟ್ಟ ಲಿವರ್ ಹಿಡಿದು ಕಿಕ್ಕನ್ನು ಮೆಲ್ಲಗೆ ಇಳಿಸಬೇಕು. ಕರೆಂಟು ತೋರಿಸುವ ಮುಳ್ಳು ನಡುವೆ ಬಂದು ನಿಲ್ಲುವ ತನಕ ಕಾಯಬೇಕು. ಇಷ್ಟಾದ ಮೇಲೆ ನಾಲ್ಕನೆಯದು. ಎಡಗೈಯನ್ನು ಟ್ಯಾಂಕಿನ ಮೇಲಿಟ್ಟು, ದನದ ಬೆನ್ನು ಸವರುವಂತೆ ಒಮ್ಮೆ ಸವರಿ, "ಚಲೋ ಮಾ, ಚಲೋ, ಬಾಹರ್ ಜಾಕೋ ಆಯೇಂಗೆ" ಎಂದು ಹೇಳಿ ಕಿಕ್ ಹೊಡೆಯಬೇಕು. ನಡಿ ತಾಯಿ, ಹೊರಗೆ ಹೋಗಿ ಬರೋಣ ಅಂತ. ಸಾಬರು ಹೇಳಿದರು, ಗಾಡಿ ಒಂದೇ ಕಿಕ್ಕಿಗೆ ಎದ್ದಿತು.

"ಮೂರು ಹಂತ ಒಪ್ಪಿಕೊಂಡೆ ಸಾಬ್, ನಾಕನೇದು ಬ್ಯಾಡ," ಎಂದೆ.

"ಯಾಕ್ರಿ ಮಾಸ್ತರ್‌ಸಾಬ್?"

"ಮೊದಲ ಮೂರು ವಿಜ್ಞಾನ. ನಾಕನೇದು ಮೂಢನಂಬಿಕಿ."

ಸಾಬರು ವಾದಿಸಲಿಲ್ಲ, ಕಿಸೆಯಿಂದ ಕೀಲಿ ತೆಗೆದು ಕೊಟ್ಟರು. ಅವರು ಸುಮ್ಮನಾದ್ದರಿಂದ, ಎಂದಿನಂತೆ, ನಾನು ಗೆದ್ದೆನೆಂದು ತಿಳಿದೆ.

ಮುಂದಿನ ಹದಿನೈದು ದಿನದಲ್ಲಿ ಮೂರು ಸಲ ಶಾಲೆಯ ಪ್ರಾರ್ಥನೆ ಮುಗಿದ ಮೇಲೆ ಹೋಗಿ ನಿಂತೆ. ಬೆವರಿನಿಂದ ಅಂಗಿ ತೊಯ್ದಿರುತ್ತಿತ್ತು. ಹೆಡ್‌ಮಾಸ್ತರರು ತೆಲುಗಿನಲ್ಲಿ, ಬಹಳ ಸೌಜನ್ಯದಿಂದ, ಮೋಟಾರುಸೈಕಲ್ಲನ್ನು ಮನೆಯಿಂದ ದೂಕಿಕೊಂಡೇ ಬರುತ್ತೀರಾ ಎಂದು ಕೇಳಿದರು. ಈ ಮಾತು ಹೇಗೋ ಅಪ್ಪನ ತೊಗರಿ ಅಂಗಡಿಗೂ ಮುಟ್ಟಿತು. ರವಿವಾರ ಊಟಕ್ಕೆ ಕೂತಾಗ ಅಪ್ಪ ರೊಟ್ಟಿ ಮುರಿಯುತ್ತ ಶುರು ಮಾಡಿದ.

"ನಾಕು ವರ್ಷ ಬಸ್ಸಿನಾಗ ಹೋದಿ, ಒಂದ ದಿನ ತಡಾ ಆಗ್ಲಿಲ್ಲ. ಸ್ವಂತ ಗಾಡಿ ಬಂದು ಹದಿನೈದ ದಿನದಾಗ ಮೂರ ಸಲ ತಡಾ. ಇದು ಗಾಡಿ ಅಲ್ಲೋ, ಗ್ರಹಚಾರ."

"ಗ್ರಹಚಾರ ಅಂತ ಹ್ಯಾಂಗ ಹೇಳ್ತೀ ಅಪ್ಪಾ? ಪುರಾವೆ ಏನದ?"

"ಅಂಗಳದಾಗ ನಿಂತದ ನೋಡು. ಈ ವಾರ ನೋಡ್ತೀನಿ. ಶನಿವಾರದ ತನಕಾ ಒಂದ ದಿನ ಸಾಲಿ ಗಂಟಿ ತಪ್ಪಿಸಿದ್ರೂ ಅದು ತಾಂಡೂರಿಗೆ ಹೋಗ್ತದ."

ತಾಂಡೂರಿನಲ್ಲಿರುವುದು ನನ್ನ ಅಕ್ಕ. ಅಕ್ಕನ ಗಂಡ, ನಮ್ಮ ಭಾವ, ಅಲ್ಲಿ ಹಾಸುಗಲ್ಲಿಗೆ ಪಾಲಿಶ್ ಮಾಡುವ ಕಾರಖಾನೆ ಇಟ್ಟಿದ್ದಾರೆ. ಗಾಡಿ ಕೊಂಡ ಸುದ್ದಿ ತಿಳಿದು ಪತ್ರ ಬರೆದಿದ್ದರು. ಪತ್ರದಲ್ಲಿ ಗಾಡಿಯನ್ನು ಕೇಳಿರಲಿಲ್ಲ, ಹೊಗಳಿದ್ದರು. ನಮ್ಮ ಮನೆಯಲ್ಲಿ ಅಳಿಯಂದಿರು ಒಂದು ವಸ್ತುವನ್ನು ಹೊಗಳುವುದೆಂದರೆ ಆ ವಸ್ತು ಅರ್ಧ ದಾರಿ ಹೋಯಿತೆಂದೇ ಲೆಕ್ಕ. ಹಿಂದೊಮ್ಮೆ ನಮ್ಮ ರೇಡಿಯೋದ ದನಿ ಭಾಳ ಛಂದ ಎಂದಿದ್ದರು. ಆ ದನಿ ಈಗ ತಾಂಡೂರಿನಲ್ಲಿ ಕೇಳುತ್ತದೆ. ಹೊಗಳುವುದನ್ನು ಬಿಟ್ಟು ಬಾಯಿಬಿಟ್ಟು ಕೇಳಿಯೇಬಿಟ್ಟರಂತೂ ಇಲ್ಲ ಎನ್ನುವ ಪದ್ಧತಿ ನಮ್ಮ ಮನೆತನದಲ್ಲಿ ಮುತ್ತಜ್ಜನ ಕಾಲದಿಂದ ಇಲ್ಲ. ಆ ಭಾವ ಮುಂದಿನ ರವಿವಾರ ಬರುವವರಿದ್ದರು.

ನಾನು ಅಂದೇ ಪಣ ತೊಟ್ಟೆ. ಗಾಡಿ ತಾಂಡೂರಿಗೆ ಹೋಗಬಾರದು. ನಾನು ನಾಲ್ಕನೇ ಹಂತಕ್ಕೂ ಇಳಿಯಬಾರದು. ಒಂದು ಎಕ್ಸರ್‌ಸೈಜ್ ಬುಕ್ಕಿನಲ್ಲಿ ಗೆರೆ ಹಾಕಿ ವಾರದ ಪ್ರಯೋಗಕ್ಕೆ ಪಟ್ಟಿ ತಯಾರಿಸಿದೆ. ಗಾಳಿಯ ತಂಪು, ಪ್ಲಗ್ಗಿನ ಸ್ಥಿತಿ, ತೊಟ್ಟಿಕ್ಕಿದ ಹನಿ, ಹೊಡೆದ ಕಿಕ್ಕು. ಸೋಮವಾರ ಹನ್ನೊಂದನೇ ಕಿಕ್ಕಿಗೆ ಎದ್ದಿತು. ಶಾಲೆಯ ಗೇಟಿನೊಳಗೆ ಮುಂದಿನ ಚಕ್ರ ಹೋಗುವಾಗ ಗಂಟೆ ಬಾರಿಸುವ ಜವಾನನ ಕೈ ಮೇಲೆದ್ದಿತ್ತು. ಮಂಗಳವಾರ ಇಪ್ಪತ್ತರ ನಂತರ ಎಣಿಸುವುದನ್ನು ಬಿಟ್ಟೆ. ಎದುರು ಮನೆಯವರು ಇಬ್ಬರು ಹಲ್ಲುಜ್ಜುವುದನ್ನು ಅರ್ಧಕ್ಕೆ ನಿಲ್ಲಿಸಿ ಬಂದು ಓಣಿಯ ಇಳಿಜಾರಿನಲ್ಲಿ ದೂಕಿದರು. ಬಾಯಲ್ಲಿ ಬೇವಿನ ಕಡ್ಡಿ ಇದ್ದುದರಿಂದ ಅವರು ಏನು ಬೈದರೆಂಬುದು ನನಗೆ ತಿಳಿಯಲಿಲ್ಲ.

ಬುಧವಾರ ಅವ್ವ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ಹದಿನಾರು ವರ್ಷ ಸಾಬರ ಮನ್ಯಾಗ ಬಾಳೇ ಮಾಡೇದ ಅದು. ಹೊಸ ಮನಿಗಿ ಬಂದ ಸೊಸೀಗಿ ಎರಡ ಮಾತು ಛಲೋ ಆಡ್ತಾರೋ ಇಲ್ಲೋ? ಅದರ ಭಾಷಿದಾಗ ಮಾತಾಡ್ಸು."

"ಅವ್ವಾ, ಕಬ್ಬಿಣಕ್ಕ ಭಾಷಿ ಇರೂದಿಲ್ಲ."

"ಹಂಗಂದ್ರ ಮುಂಜಾನಿಂದ ಅದಕ್ಕ ಏನ್ ಒದರಾಕತ್ತೀದಿ?"

ನಾನು ಗಡಿಯಾರ ನೋಡಿದೆ. ಉತ್ತರ ಸಿಗದೆ ಅಲ್ಲ, ಹೊತ್ತಾಗಿತ್ತು. ನಮ್ಮ ಊರಲ್ಲಿ ಒಲೆಯ ಮುಂದೆ ಕನ್ನಡ, ಬಜಾರಿನಲ್ಲಿ ಉರ್ದು, ಕಚೇರಿಯ ಕಾಗದದಲ್ಲಿ ತೆಲುಗು. ಮೂರನ್ನೂ ಎಲ್ಲರೂ ಉಪಯೋಗಿಸುತ್ತೇವೆ, ಮೂರರಲ್ಲೂ ಜಗಳವಾಡುತ್ತೇವೆ. ಸಾಬರ ಕನ್ನಡವಂತೂ ನನ್ನದಕ್ಕಿಂತ ಸ್ವಚ್ಛ. ಇಂಥ ಊರಲ್ಲಿ ಒಂದು ಮೋಟಾರುಸೈಕಲ್ಲು ಮಾತ್ರ ಒಂದೇ ಭಾಷೆ ಹಿಡಿದು ಕೂತಿದೆ ಎಂದರೆ ಯಾವ ಚರ್ಚಾಸ್ಪರ್ಧೆಯ ಅಧ್ಯಕ್ಷರು ಒಪ್ಪುತ್ತಾರೆ? ಈ ವಾದವನ್ನು ಮನಸ್ಸಿನಲ್ಲೇ ಪೂರ್ತಿ ಮಂಡಿಸಿ, ಚಪ್ಪಾಳೆಯನ್ನೂ ನಾನೇ ಹೊಡೆದುಕೊಂಡು, ಗಾಡಿಯನ್ನು ನಾನೊಬ್ಬನೇ ಇಳಿಜಾರಿಗೆ ದೂಕಿದೆ. ಮಂಗಳವಾರದಂತೆ ಅಂದೂ ಗಂಟೆ ತಪ್ಪಲಿಲ್ಲ.

ಗುರುವಾರ ಗಾಡಿ ತಾನೇ ಮಾತಾಡಿತು. ಸಿಟ್ಟಿನಿಂದ, ಮುಳ್ಳು ನಡುವೆ ಬಂತೋ ಇಲ್ಲವೋ ನೋಡದೆ, ಇಡೀ ಮೈಭಾರ ಹಾಕಿ ಒದ್ದೆ. ಕಿಕ್ಕು ಅಷ್ಟೇ ವೇಗದಲ್ಲಿ ತಿರುಗಿ ಬಂದು ನನ್ನ ಮೊಣಕಾಲಿನ ಕೆಳಗೆ ಬಡಿಯಿತು. ದನದ ದವಾಖಾನೆಯಲ್ಲಿದ್ದ ಗಾಡಿ, ಒದೆಯುವುದನ್ನು ಅಲ್ಲೇ ಕಲಿತಿರಬೇಕು. ಕುಂಟುತ್ತ ಹೇಗೋ ಸ್ಟಾರ್ಟ್ ಮಾಡಿ, ಗಂಟೆಯ ಎರಡನೇ ಪೆಟ್ಟಿಗೆ, ಅದು ನಿಲ್ಲುವ ಮೊದಲೇ, ಪ್ರಾರ್ಥನೆಯ ಸಾಲಿನಲ್ಲಿ ನಿಂತೆ. ಸಂಜೆ ಕಾಲು ಊದಿಕೊಂಡು ಸಣ್ಣ ಕುಂಬಳಕಾಯಿಯಷ್ಟಾಗಿತ್ತು. ಅವ್ವ ಅರಿಶಿನ ಹಚ್ಚಿದಳು. ಅಪ್ಪ ಊದಿದ ಕಾಲನ್ನೊಮ್ಮೆ, ಗೋಡೆಯ ಕ್ಯಾಲೆಂಡರನ್ನೊಮ್ಮೆ ನೋಡಿದ. ಶುಕ್ರವಾರ ಹಬ್ಬದ ರಜೆ. ಉಳಿದದ್ದು ಶನಿವಾರ ಒಂದೇ. ಆದರೆ ಆ ಕಾಲಿನಲ್ಲಿ ಇಪ್ಪತ್ತು ಕಿಕ್ಕು ಸಾಧ್ಯವಿರಲಿಲ್ಲ, ಹೆಚ್ಚೆಂದರೆ ಎರಡು.

ಶುಕ್ರವಾರ ಬೆಳಿಗ್ಗೆ ನಾರಾಯಣಖೇಡದ ಬಸ್ಸು ಹತ್ತಿದೆ. ಮೋಟಾರುಸೈಕಲ್ಲನ್ನು ಹೇಗೆ ಸ್ಟಾರ್ಟ್ ಮಾಡಬೇಕೆಂದು ಕೇಳಲು ಬಸ್ಸಿನಲ್ಲಿ ಹೋದವನು ಈ ಭಾಗದಲ್ಲಿ ಬಹುಶಃ ನಾನೊಬ್ಬನೇ. ಆದರೆ ನಾನು ಕಲಿಯಲು ಹೋಗುತ್ತಿಲ್ಲ, ಆ ನಾಲ್ಕನೇ ಹಂತದ ಹಿಂದೆ ಅವರು ಮುಚ್ಚಿಟ್ಟ ಐದನೇ ಹಂತವೊಂದಿದೆ, ಅದನ್ನು ಹೊರಗೆಳೆಯಲು ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಸಾಬರು ದವಾಖಾನೆಯ ಹಿಂದಿನ ಬೇವಿನ ಮರದ ಕೆಳಗಿದ್ದರು. ಮುಂದೆ ಕಂಗ್ಟಿ ಕಡೆಯಿಂದ ಬಂದ ಒಂದು ಎತ್ತು. ಅದರ ಬಾಯಿಗೆ ಬಿದಿರಿನ ಗೊಟ್ಟದಿಂದ ಔಷಧ ಹಾಕಬೇಕಿತ್ತು. ಎತ್ತಿನ ಯಜಮಾನ ಹಗ್ಗ ಜಗ್ಗಿ ಜಗ್ಗಿ ಸೋತಿದ್ದ. ಎತ್ತು ಕಣ್ಣು ಕೆಂಪಗೆ ಮಾಡಿ ನಿಂತಿತ್ತು. ಸಾಬರು ಅವನನ್ನು ಪಕ್ಕಕ್ಕೆ ಸರಿಸಿ, ಎಡಗಡೆಯಿಂದ ಹೋಗಿ ಅದರ ಕುತ್ತಿಗೆಯ ಮೇಲೆ ಕೈಯಿಟ್ಟು, "ಆತು ಆತು, ಮುಗೀತು ನೋಡು, ಮನಿಗಿ ಹೋಗೂಣು" ಎಂದು ಏನೇನೋ ಹೇಳುತ್ತ ಔಷಧವನ್ನು ಒಂದೇ ಸಲಕ್ಕೆ ಇಳಿಸಿಬಿಟ್ಟರು. ನಾನು ಅಲ್ಲೇ ಹಿಡಿದೆ.

"ಸಾಬ್, ಎತ್ತಿಗೆ ನಿಮ್ಮ ಮಾತು ತಿಳೀತಂತ ಹೇಳ್ತೀರೇನು?"

"ಯಾರ ಹೇಳ್ಯಾರ? ಎತ್ತಿಗಿ ಏನ್ ತಿಳೀತದ? ಅದಕ್ಕ ಮೇವು ತಿಳೀತದ," ಎಂದರು ಕೈ ತೊಳೆಯುತ್ತ.

"ಮತ್ತ ಮಾತಾಡಿದ್ದು ಯಾಕ?"

"ಮಾತು ನನಗರೀ. ಬಾಯಾಗ ಛಲೋ ಮಾತು ಇದ್ದಾಗ ಕೈ ಜಗ್ಗೂದಿಲ್ಲ, ನಡಗೂದಿಲ್ಲ, ಗಡಬಡಿ ಮಾಡೂದಿಲ್ಲ. ನಲ್ವತ್ತ ವರ್ಷ ಒದಿಸ್ಕೊಂಡು ಕಲ್ತ ಹಿಕಮತ್ ಅದು." ನಂತರ ನನ್ನ ಕಾಲಿನ ಬಾವನ್ನು ನೋಡಿ, ಎತ್ತನ್ನು ನೋಡಿದ ಕಣ್ಣಿನಲ್ಲೇ, ಎರಡು ಬೆರಳಿನಿಂದ ಒತ್ತಿ ಪರೀಕ್ಷಿಸಿದರು. "ಮಾಸ್ತರ್‌ಸಾಬ್, ಖರೇ ಹೇಳ್ಲೇನು? ನೀವು ಕಿಕ್ ಹೊಡ್ಯಾಕತ್ತಿಲ್ಲ. ಗಾಡಿ ಕೂಡ ವಾದಾ ಮಾಡಾಕತ್ತೀರಿ. ಕಿಕ್ ಅಂದ್ರ ಮ್ಯಾಲಿಂದ ಕೆಳಗಿನ ತನಕಾ ಪೂರಾ ಹೋಗಬೇಕು, ಒಂದೇ ಉಸಿರಿನಾಗ. ನೀವು ಅರ್ಧಕ್ಕ ಝಾಡಿಸ್ತೀರಿ. ಎದುರಿನವರ ಮಾತು ಅರ್ಧಕ್ಕ ಕಡೀತೀರಲ್ಲ, ಹಂಗ."

"ಹಂಗಂದ್ರ ಉರ್ದುನೇ ಆಗಬೇಕಂತಿಲ್ಲ?"

"ಯಾವ ಭಾಷಿದಾಗಾದ್ರೂ ಆಡ್ರಿ. ಬೈಬ್ಯಾಡ್ರಿ, ಇಷ್ಟೇ."

ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಲೆಕ್ಕ ಹಾಕಿದೆ. ಸಾಬರು ಒಂದು ದಿನವೂ ಗಾಡಿಗೆ ಕಿವಿಯಿದೆ ಎಂದು ನಂಬಿರಲಿಲ್ಲ. ಅದಕ್ಕೆ ಕಿವಿಯಿದೆ ಎಂದು ನಂಬಿ, ಹಟಮಾರಿ ಎಂದು ಬೈದು, ಸಿಟ್ಟು ಮಾಡಿಕೊಂಡು, ಅದನ್ನು ಸೋಲಿಸಲು ಒದ್ದವನು ಇಡೀ ಜಹೀರಾಬಾದಿನಲ್ಲಿ ಒಬ್ಬನೇ. ಅವನು ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದ.

ಹೋಗಲಿ, ಸೋಲನ್ನು ಒಪ್ಪಿದರೂ ಗಾಡಿಯನ್ನು ಬಿಡುವವನಲ್ಲ ಎಂದುಕೊಂಡು ರಾತ್ರಿ ಊಟವಾದ ಮೇಲೆ ಒಳ್ಳೆಯ ಮಾತು ಹುಡುಕುತ್ತ ಕೂತೆ. ಆಗ ಗೊತ್ತಾದ ಸಂಗತಿ ಏನೆಂದರೆ ನನ್ನ ಬಳಿ ಒಳ್ಳೆಯ ಮಾತೇ ಇರಲಿಲ್ಲ. ಯಾವ ವಾಕ್ಯ ತೆಗೆದರೂ ಅದು "ಆದರೆ" ಎಂದು ಶುರುವಾಗುತ್ತಿತ್ತು, ಇಲ್ಲವೇ "ಹಾಗಿದ್ದ ಪಕ್ಷದಲ್ಲಿ" ಎಂದು. ಯಾರನ್ನೂ ಎಲ್ಲಿಗೂ ಕರೆಯದ, ಬರೀ ತಡೆಯುವ ಮಾತುಗಳು. ಕೊನೆಗೆ ಒಂದು ಸಿಕ್ಕಿತು. ಸಣ್ಣದು, ವಾದಕ್ಕೆ ಎಡೆಯಿಲ್ಲದ್ದು.

ಶನಿವಾರ ಅಂಗಳದಲ್ಲಿ ಜಾತ್ರೆ ಇತ್ತು ಎನ್ನಬಹುದು. ಭಾವ ಒಂದು ದಿನ ಮೊದಲೇ, ಬೆಳಗಿನ ಬಸ್ಸಿಗೆ ಬಂದಿಳಿದಿದ್ದರು. ಅಪ್ಪ ಪಡಸಾಲೆಯಲ್ಲಿ ಗಡಿಯಾರ ಹಿಡಿದು ಕೂತಿದ್ದ. ಎದುರು ಮನೆಯವರು ಈ ಸಲ ಬೇವಿನ ಕಡ್ಡಿ ಬಿಸಾಕಿ, ಕೈ ತೆರವು ಮಾಡಿಕೊಂಡೇ ನಿಂತಿದ್ದರು. ಕಾಕ್ ತಿರುಗಿಸಿದೆ, ಹನಿ ಬಿತ್ತು, ಮುಳ್ಳು ನಡುವೆ ಬಂತು. ನಾಚಿಕೆಯಿಂದ ಬಾಯಿ ಬಿಡದೆ ಒಂದು ಕಿಕ್ ಹೊಡೆದೆ. ಏನೂ ಆಗಲಿಲ್ಲ, ಕಾಲಿನೊಳಗೆ ಮಾತ್ರ ಬೆಂಕಿ ಹತ್ತಿತು. ಉಳಿದದ್ದು ಒಂದು. ಮತ್ತೆ ಮುಳ್ಳನ್ನು ನಡುವೆ ತಂದು, ಎಡಗೈಯನ್ನು ಟ್ಯಾಂಕಿನ ಮೇಲಿಟ್ಟು, ಇಡೀ ಓಣಿ ಕೇಳುವಂತೆ ಹೇಳಿದೆ.

"ಕೊಹೀರಿನಾಗ ಪೇರಲ ಹಣ್ಣು ಬಂದಾವ. ನಡೀ, ತಿಂದು ಬರೂಣು."

ಕಾಲು ಮೇಲಿನಿಂದ ಕೆಳಗಿನವರೆಗೆ ಒಂದೇ ಉಸಿರಿನಲ್ಲಿ ಇಳಿಯಿತು. ಧಡ್ ಎಂದಿತು, ಧಡ್ ಧಡ್ ಎಂದಿತು. ಅವ್ವ ಬಾಗಿಲಲ್ಲಿ ನಿಂತು ನಕ್ಕಳು, ಎದುರು ಮನೆಯವರು ನಿರಾಶೆಯಿಂದ ಒಳಗೆ ಹೋದರು. ಗಂಟೆಗೆ ಇನ್ನೂ ಎಂಟು ನಿಮಿಷವಿರುವಾಗ ನಾನು ಶಾಲೆಯಲ್ಲಿದ್ದೆ. ಆ ಎಂಟು ನಿಮಿಷ ಗೇಟಿನ ಹತ್ತಿರವೇ ಸುಮ್ಮನೆ ನಿಂತು, ಹೋಗುವವರಿಗೆಲ್ಲ ಹೊತ್ತೆಷ್ಟಾಯಿತೆಂದು ಕೇಳಿದೆ.

ಗೆದ್ದೆನೆಂದು ಸಂಜೆ ಮನೆಗೆ ಬಂದೆ. ಭಾವ ಗಾಡಿಯ ಸುತ್ತ ಎರಡು ಸುತ್ತು ಬಂದರು. ಸೀಟಿನ ಮೇಲೆ ತಟ್ಟಿದರು. ಈ ಸಲ ಹೊಗಳಲಿಲ್ಲ.

"ಮಾವ್ನಾರ, ಇದು ನನಗ ಕೊಟ್ಟುಬಿಡ್ರಿ. ಕಾರಖಾನಿಗಿ ಹೋಗಿ ಬರಾಕ ಭಾಳ ತ್ರಾಸ ಆಗ್ಯದ."

ಅಪ್ಪನ ಮುಖ ನೋಡಿದೆ. ವಾರದ ಆಟದಲ್ಲಿ ಗೆದ್ದ ಮಗ ಒಂದು ಕಡೆ, ಬಾಯಿಬಿಟ್ಟು ಕೇಳಿದ ಅಳಿಯ ಇನ್ನೊಂದು ಕಡೆ. ಅಪ್ಪ "ಅದಕ್ಕೇನ್ರಿ..." ಎಂದು ಶುರು ಮಾಡಿ ನನ್ನ ಕಡೆ ನೋಡಲಾರದೆ ಗೋಡೆಯ ಕಡೆ ನೋಡಿದ. ನನ್ನ ಬಳಿ ಆಗ ನ್ಯಾಯವಿತ್ತು, ತರ್ಕವಿತ್ತು, ಗೆರೆ ಹಾಕಿದ ಎಕ್ಸರ್‌ಸೈಜ್ ಬುಕ್ಕಿತ್ತು. ಅಳಿಯನ ಬಾಯಿಮಾತಿನ ಮುಂದೆ ಇವು ಯಾವುವೂ ನಡೆಯುವುದಿಲ್ಲ. ಗಾಡಿ ಉಳಿಯಬೇಕಾದರೆ ಭಾವ ತಾವಾಗಿಯೇ ಬೇಡ ಎನ್ನಬೇಕಿತ್ತು.

"ತಗೊಂಡು ಹೋಗ್ರಿ ಭಾವ. ಮೊದಲು ಒಂದ ಸಲ ಸ್ಟಾರ್ಟ್ ಮಾಡಿ ನೋಡ್ರಿ," ಎಂದೆ.

ಭಾವ ಕಲ್ಲಿನ ಕೆಲಸದವರು. ಬಂಡೆ ಒಡೆಯುವ ಧಾಟಿಯಲ್ಲಿ ಒದ್ದರು. ಆರು ಸಲ ಒದ್ದರು. ಏಳನೆಯದಕ್ಕೆ ಗಾಡಿ ತಿರುಗಿ ಒದ್ದಿತು. ಭಾವ ಪಾದ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತು ಕೇಳಿದರು, "ಇದರ ಮರ್ಮ ಏನೋ ಮಾಸ್ತರಾ? ಮುಂಜಾನಿ ನೀ ಏನೋ ಅಂದಿ, ಎದ್ದುಬಿಡ್ತು."

ಅದೇ ಗಳಿಗೆಯಲ್ಲಿ ನಾನು ಸತ್ಯ ಹೇಳಬಹುದಿತ್ತು. ಉಸಿರು, ಕಾಲಿನ ಸ್ನಾಯು, ಪೂರ್ತಿ ಇಳಿಯುವ ಕಿಕ್ಕು. ಹತ್ತು ನಿಮಿಷದಲ್ಲಿ ಭಾವ ಕಲಿಯುತ್ತಿದ್ದರು, ಹನ್ನೊಂದನೇ ನಿಮಿಷಕ್ಕೆ ಗಾಡಿ ತಾಂಡೂರಿನ ದಾರಿ ಹಿಡಿಯುತ್ತಿತ್ತು.

"ಮರ್ಮ ಏನಿಲ್ರಿ ಭಾವ," ಎಂದೆ ದನಿ ತಗ್ಗಿಸಿ. "ಇದು ಮನಿ ಮನುಷ್ಯಾರ ದನಿ ಹಿಡೀತದ. ಸಾಬರ ದನಿ ಬಿಟ್ಟು ನನ್ನ ದನಿ ಹಿಡಿಯೂ ತನಕಾ ನನ್ನ ಕಾಲು ನೋಡ್ರಿ ಹ್ಯಾಂಗಾಗ್ಯದ. ಈಗ ಮತ್ತ ಮನಿ ಬದಲಾತು ಅಂದ್ರ ಏನ್ ಮಾಡ್ತದೋ, ನಾ ಹ್ಯಾಂಗ ಹೇಳ್ಲಿ?"

ಪ್ಯಾಂಟು ಎತ್ತಿ ಬಾವು ತೋರಿಸಿದೆ. ನಂತರ ಎದ್ದು ಹೋಗಿ, ಕೈಯಿಟ್ಟು, ಪೇರಲದ ಮಾತು ಹೇಳಿ, ಒಂದೇ ಕಿಕ್ಕಿಗೆ ಎಬ್ಬಿಸಿದೆ. ಭಾವ ಕಟ್ಟೆಯಿಂದ ಎದ್ದು, ಗುಡಿಯ ಮುಂದೆ ನಿಂತವರಂತೆ ಚಪ್ಪಲಿ ಕಳಚಿದರು.

"ಬ್ಯಾಡ್ರಿ ಮಾವ್ನಾರ," ಎಂದರು. "ಒಬ್ಬರಿಗಿ ಒಲದದ್ದನ್ನ ನಾವು ಕಸಗೋಬಾರದು."

ಅಪ್ಪ ನನ್ನ ಕಡೆ ತಿರುಗಿದ. ಬಯ್ಯುತ್ತಾನೆಂದುಕೊಂಡೆ. ಆದರೆ ಅವ್ವನಿಗೆ ಭಾವನ ಕಾಲಿಗೆ ಅರಿಶಿನ ತರಲು ಹೇಳಿ ಎಲೆಅಡಿಕೆ ಹಾಕಿಕೊಂಡ.

ಮರುದಿನ ಹೊರಡುವ ಮುಂಚೆ ಭಾವ ಅಡುಗೆಮನೆಗೆ ಹೋಗಿ ಒಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಕೇಳಿ ತಂದು, ಕಪ್ಪು ದಾರದಲ್ಲಿ ಪೋಣಿಸಿ, ಇಂಥ ಗಾಡಿಗೆ ದೃಷ್ಟಿ ಆಗಬಾರದೆಂದು ತಮ್ಮ ಕೈಯಾರೆ ಹ್ಯಾಂಡಲಿಗೆ ಕಟ್ಟಿದರು. ಅದೇ ಗಾಡಿಯಲ್ಲಿ ಅವರನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟು, ಬಸ್ಸು ತಿರುವಿನಲ್ಲಿ ಮರೆಯಾದ ಕೂಡಲೇ ಬಿಚ್ಚಲು ಕೈ ಹಾಕಿದೆ. ಮುಂದಿನ ತಿಂಗಳು ಅವರು ಮತ್ತೆ ಬರುವವರಿದ್ದಾರೆಂಬುದು ನೆನಪಾಯಿತು, ಕೈ ಹಿಂದೆಗೆದೆ. ಈಗ ಸಂತೆಯ ದಿನ ಹಳೆಯದನ್ನು ತೆಗೆದು ಹೊಸದನ್ನು ಕಟ್ಟುವವನು ನಾನೇ. ನಿಂಬೆಹಣ್ಣನ್ನು ಬುಟ್ಟಿಯೊಳಗೆ ಕೈಹಾಕಿ ಆರಿಸುತ್ತೇನೆ: ಗುಂಡಗಿರಬೇಕು, ದಪ್ಪಗಿರಬೇಕು, ರಸ್ತೆಯ ಆ ತುದಿಯಿಂದಲೂ ಕಾಣುವಂತಿರಬೇಕು.